ಹರಿದ ಚೀಟಿಗಳ ಭಾನುವಾರ

ನಮ್ಮೂರು ಪಾಸೊ ಆಂಚೊದ ಕುದುರೆ ರೇಸಿನ ಮೈದಾನದಲ್ಲಿ ಸೋತ ಬಾಜಿ ಚೀಟಿಯನ್ನು ಯಾರೂ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವುದಿಲ್ಲ. ಹೋದರೆ ಸೋಲು ಬಟ್ಟೆಗೆ ಅಂಟಿಕೊಂಡು ಮುಂದಿನ ಭಾನುವಾರವೂ ಜೊತೆಗೇ ಬರುತ್ತದೆ ಎಂಬ ನಂಬಿಕೆ. ಗೆದ್ದ ಕುದುರೆಯ ಸವಾರ ಕೆಳಗಿಳಿಯುವ ಮೊದಲೇ ಸೋತ ಚೀಟಿ ಎರಡು ತುಂಡಾಗಿ ನೆಲ ಸೇರಬೇಕು. ನಮ್ಮಮ್ಮ ಹಾಗೆ ಹರಿಯುತ್ತಿದ್ದಳು, ಅವಳಮ್ಮನೂ ಹಾಗೇ. ಹನ್ನೊಂದು ವರ್ಷ ಬಾಜಿ ಕೌಂಟರಿನ ಗಾಜಿನ ಹಿಂದೆ ಕೂತು ನಾನು ಕೇಳಿದ್ದೂ ಅದೇ ಸದ್ದು: ರೇಸು ಮುಗಿದ ಕೂಡಲೇ ಒಣಗಿದ ಜೋಳದ ಹೊಲದ ಮೇಲೆ ಗಾಳಿ ಹಾದ ಹಾಗೆ, ನಾಲ್ಕೈದು ನೂರು ಜನ ಒಟ್ಟಿಗೆ ಕಾಗದ ಹರಿಯುವ ಸದ್ದು.

ಫಲಿತಾಂಶದ ಬೋರ್ಡಿನ ಮೇಲೆ ನಂಬರು ಬೆಳಗಲು ಮೂರು ನಿಮಿಷವಾದರೂ ಹಿಡಿಯುತ್ತದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಎಲ್ಲರೂ ಹರಿಯುತ್ತಿದ್ದದ್ದು ದನಿಯನ್ನು ನಂಬಿ, ಮೇಲಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ರೇಸನ್ನು ಕೂಗಿ ಹೇಳುವವರ ದನಿಯನ್ನು. ಮೂವತ್ತನಾಲ್ಕು ವರ್ಷ ಅದು ದೊನ್ ಎವಾರಿಸ್ತೊ ತೆಚೇರ ಅವರ ದನಿಯಾಗಿತ್ತು. ಅವರ ಗಂಟಲಿಗೆ ಆಪರೇಷನ್ ಆಗಿ ಪಿಸುಮಾತು ಮಾತ್ರ ಉಳಿದ ಮೇಲೆ, ನಮ್ಮಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳ ಕೊನೆಯಿಂದ, ಅದು ನನ್ನದಾಯಿತು.

ನನ್ನದಾಯಿತು ಎಂದೆ, ಆದರೆ ಅದು ಪೂರ್ತಿ ನಿಜವಲ್ಲ. ಮೈದಾನದ ಮ್ಯಾನೇಜರ್ ಬರ್ರೆತ ನನಗೆ ಕೊಟ್ಟಿದ್ದು ನಾಲ್ಕು ಭಾನುವಾರಗಳ ಪರೀಕ್ಷೆ. ಈಗ ಹೇಳಹೊರಟಿರುವುದು ನಾಲ್ಕನೆಯ ಭಾನುವಾರದ ಸಂಗತಿ. ಅಂದು ಎಂಟು ರೇಸುಗಳಿದ್ದವು. ಎಂಟನ್ನೂ ತಪ್ಪಿಲ್ಲದೆ ಕೂಗಿದರೆ ಮೈಕು ನನಗೆ, ಇಲ್ಲದಿದ್ದರೆ ಮತ್ತೆ ಗಾಜಿನ ಹಿಂದೆ. ರಾಜಧಾನಿಯ ರೇಡಿಯೊದಿಂದ ಫಾಬ್ರಿಸಿಯೊ ಎಂಬ ಉದ್ಘೋಷಕನನ್ನು ಬರ್ರೆತ ಆಗಲೇ ಕರೆಸಿಕೊಂಡಿದ್ದ. ಅವನು ಆಫೀಸಿನಲ್ಲಿ ಕೋಟು ಬಿಚ್ಚಿ ಹೀಟರಿನ ಪಕ್ಕ ಕೂತಿದ್ದ. ಕೆಟ್ಟವನೇನಲ್ಲ. ನನ್ನನ್ನು ನೋಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಅದೇ ನನಗೆ ಇನ್ನಷ್ಟು ಹೆದರಿಕೆ.

ಗಾಜಿನ ಹಿಂದಿನ ಕೆಲಸ ಕೀಳೇನಲ್ಲ. ಆದರೆ ಅಲ್ಲಿ ಹನ್ನೊಂದು ವರ್ಷ ನಾನು ಆಡಿದ್ದು ಮೂರೇ ಮಾತು: ಯಾವ ರೇಸು, ಯಾವ ನಂಬರು, ಎಷ್ಟು. ಮೂವತ್ತಾರನೆಯ ವಯಸ್ಸಿನಲ್ಲಿ ಸಂಜೆ ಶಾಲೆಗೆ ಸೇರಿ ಹೈಸ್ಕೂಲು ಮುಗಿಸಿದೆ. ಆಮೇಲೆ ಮಂಗಳವಾರ, ಗುರುವಾರ ಸಂಜೆ ಕ್ಲಬ್ಬಿನ ಮಹಡಿಯಲ್ಲಿ ಉದ್ಘೋಷಕರ ತರಗತಿ. ಅಲ್ಲಿ ದೊನ್ ಎವಾರಿಸ್ತೊ ಹಳೆಯ ರೇಸೊಂದನ್ನು ಪರದೆಯ ಮೇಲೆ ಓಡಿಸಿ ಕೂಗು ಅಂದರು. ಕೂಗಿದೆ. ಕಣ್ಣು ಕಂಡದ್ದನ್ನೆಲ್ಲ ಬಾಯಿ ಯಾರ ಅಪ್ಪಣೆಯನ್ನೂ ಕೇಳದೆ ಹೇಳಿಬಿಟ್ಟಿತು. ಅಂಥದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮೈಕು ಬೇಕು ಅನ್ನಿಸಿದ್ದು ಆವತ್ತಿನಿಂದ.

ರೇಸು ಕೂಗುವವರು ಕುದುರೆಯ ನಂಬರು ನೋಡುವುದಿಲ್ಲ. ಅಷ್ಟು ದೂರಕ್ಕೆ ಅದು ಕಾಣುವುದೂ ಇಲ್ಲ. ನೋಡುವುದು ಸವಾರನ ಅಂಗಿಯ ಬಣ್ಣ. ಒಬ್ಬೊಬ್ಬ ಮಾಲೀಕನಿಗೆ ಒಂದೊಂದು ಬಣ್ಣ. ಪ್ರತಿ ರೇಸಿಗೂ ಅರ್ಧ ಗಂಟೆ ಮೊದಲು ಸವಾರರ ಕೋಣೆಗೆ ಹೋಗಿ, ಗೂಟಕ್ಕೆ ತೂಗುಹಾಕಿದ ಅಂಗಿಗಳನ್ನು ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಬರಬೇಕೆಂದು ದೊನ್ ಎವಾರಿಸ್ತೊ ಹೇಳಿಕೊಟ್ಟಿದ್ದರು. ನಾನು ಹೋಗುತ್ತಿರಲಿಲ್ಲ. ಸಣ್ಣ ಕೋಣೆ, ಹತ್ತು ಹನ್ನೆರಡು ಗಂಡಸರು, ಅರ್ಧ ಬಟ್ಟೆ, ಜೋಕುಗಳು. ಬಾಗಿಲವರೆಗೆ ಒಂದು ಸಲ ಹೋಗಿ, ಒಳಗಿನ ನಗು ಕೇಳಿ ವಾಪಸು ಬಂದಿದ್ದೆ. ಅದರ ಬದಲು ಶನಿವಾರ ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಮುದ್ರಿತ ಕಾರ್ಯಕ್ರಮವನ್ನು ಹರಡಿಕೊಂಡು, ಪ್ರತಿ ರೇಸಿಗೂ ಒಂದು ಕಾರ್ಡಿನಲ್ಲಿ ಸಣ್ಣ ಸಣ್ಣ ಅಂಗಿ ಬರೆದು, ಹನ್ನೆರಡು ಪೆನ್ಸಿಲುಗಳ ಡಬ್ಬಿಯಿಂದ ಬಣ್ಣ ತುಂಬುತ್ತಿದ್ದೆ. ಗೆರೆ ದಾಟದ ಹಾಗೆ, ಸಂಜೆ ಶಾಲೆಯಲ್ಲಿ ಭೂಪಟ ತುಂಬಿದ ಹಾಗೆ. ಮೂರು ಭಾನುವಾರ ಅದು ಸಾಕಾಗಿತ್ತು.

ಆ ಶನಿವಾರ ಏಳನೆಯ ರೇಸಿನ ಕಾರ್ಡಿಗೆ ಬರುವಷ್ಟರಲ್ಲಿ ಕೆಂಪು ಪೆನ್ಸಿಲು ಮುಗಿದು ಬೆರಳಿಗೆ ಸಿಗದ ಚೂರಾಯಿತು. ಅಂಗಡಿ ಮುಚ್ಚಿತ್ತು. ಏಳನೇ ನಂಬರಿನ ಕೆಂಪು ಅಂಗಿಗೆ ಕಿತ್ತಳೆ ಪೆನ್ಸಿಲನ್ನೇ ಒತ್ತಿ ಒತ್ತಿ ತಿಕ್ಕಿದೆ. ಅದೇ ಕಾರ್ಡಿನಲ್ಲಿ ಮೂರನೇ ನಂಬರಿನ ಅಂಗಿ ನಿಜವಾಗಿಯೂ ಕಿತ್ತಳೆ. ನೆನಪಿರುತ್ತದೆ ಅಂದುಕೊಂಡೆ.

ನೆನಪಿರದೇ ಇರಲು ಕಾರಣವೂ ಇರಲಿಲ್ಲ. ಏಳನೇ ನಂಬರಿನ ಹೆಣ್ಣುಕುದುರೆ ನಮ್ಮೂರಿನದೇ. ಬೇಕರಿಯ ಐದು ಜನ ಕೆಲಸಗಾರರು ಸೇರಿ ಕೊಂಡದ್ದು, ಬಸ್ ಡಿಪೊದ ಹಿಂದಿನ ಬಯಲಿನಲ್ಲಿ ಓಡಿ ಬೆಳೆದದ್ದು. ಹೆಸರು ಚುರಿಂಚೆ. ಬೇಸಿಗೆಯಲ್ಲಿ ಬೇಲಿ ತಂತಿಯ ಮೇಲೆ ಕೆಂಡದ ಹಾಗೆ ಬಂದು ಕೂರುವ ಪುಟ್ಟ ಹಕ್ಕಿಯ ಹೆಸರು ಅದು. ಅಂಗಿ ಕೆಂಪಾಗಿದ್ದದ್ದೇ ಅದಕ್ಕೆ. ಅದು ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಊರಿನ ಅರ್ಧ ಜನ ಪ್ರೀತಿಗೆಂದು ಅದರ ಮೇಲೆ ಒಂದು ಚೀಟಿ ಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನದಿಂದ ಮಳೆ. ಮಳೆ ಬಂದರೆ ನಮ್ಮಲ್ಲಿ ಕರಿದ ರೊಟ್ಟಿ ತಿನ್ನದವರಿಲ್ಲ. ಗ್ಯಾಲರಿಯ ಮೆಟ್ಟಿಲಿನ ಬುಡದಲ್ಲಿ ಎಲ್ಬಿಯಾ ಅಜ್ಜಿ ಒಲೆ ಹೊತ್ತಿಸಿ, ಕೊಬ್ಬು ಕಾಯಿಸಿ, ರೊಟ್ಟಿ ಕರಿಯುತ್ತಿದ್ದಳು. ಅವಳ ಮುಂದಿನ ಸಾಲು ಬಾಜಿ ಕೌಂಟರಿನ ಸಾಲಿಗಿಂತ ಉದ್ದವಾಗಿತ್ತು. ಓಟದ ದಾರಿಯಂಚಿನ ಕಟಕಟೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಸೂರಿನ ಕೆಳಗೆ, ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ಮತೆ ಎಂಬ ಎಲೆ ಕಷಾಯದ ಸೋರೆಬುರುಡೆ. ಅಂದರೆ ಆವತ್ತು ಯಾರೂ ರೇಸು ನೋಡುತ್ತಿರಲಿಲ್ಲ, ಕೇಳುತ್ತಿದ್ದರು.

ಆರು ರೇಸು ಸರಿಯಾಗಿ ಕೂಗಿದೆ. ಏಳನೆಯದರಲ್ಲಿ ಕುದುರೆಗಳು ಕೊನೆಯ ತಿರುವಿನಿಂದ ಹೊರಬಂದಾಗ ಎಲ್ಲವೂ ಒಂದೇ ಕೆಸರಿನ ಬಣ್ಣವಾಗಿದ್ದವು. ಹೊರಗಡೆಯಿಂದ ಒಂದು ಕುದುರೆ ಮೂರು ಕುದುರೆಗಳನ್ನು ಹಿಂದಿಕ್ಕಿ ಬಂತು. ದುರ್ಬೀನಿನಲ್ಲಿ ಕೆಸರಿನ ನಡುವೆ ಸವಾರನ ಭುಜದ ಮೇಲೆ ಅಂಗೈ ಅಗಲದ ಬಣ್ಣ ಕಂಡಿತು. ಕಣ್ಣಿಗೆ ಅದು ಕೆಂಪೆಂದೇ ಕಂಡಿತ್ತೆಂದು ಈಗ ಅನ್ನಿಸುತ್ತದೆ. ಆದರೆ ನಾನು ಕಾರ್ಡು ನೋಡಿದೆ. ಕಾರ್ಡಿನಲ್ಲಿ ಕೆಂಪೇ ಇರಲಿಲ್ಲ. ಕಿತ್ತಳೆ ಇತ್ತು, ಮೇಲಿನಿಂದ ಮೂರನೆಯ ಸಾಲಿನಲ್ಲಿ. ಮೂರನೇ ನಂಬರು, ತೆರ್ಕೊ, ಎಂದು ಕೂಗಿದೆ. ತೆರ್ಕೊ ಮುಂದೆ, ತೆರ್ಕೊ ಗೆದ್ದ ಎಂದು ಎರಡು ಸಲ ಕೂಗಿದೆ.

ಕೆಳಗಿನಿಂದ ಜೋಳದ ಗರಿಯ ಸದ್ದು ಬಂತು.

ಆಮೇಲೆ ಬೋರ್ಡು ಬೆಳಗಿತು. ಏಳು.

ಮೂರಕ್ಕೆ ಕಟ್ಟಿದವರು ಮೂರು ನಿಮಿಷ ಶ್ರೀಮಂತರಾಗಿದ್ದರು. ಕೆಲವರು ಆಗಲೇ ಕೌಂಟರಿನ ಮುಂದೆ ಚೀಟಿ ಚಾಚಿ ನಿಂತಿದ್ದರು. ಏಳಕ್ಕೆ ಕಟ್ಟಿದವರು ಕೈಯಲ್ಲಿ ಏನೂ ಇಲ್ಲದೆ ಬೋರ್ಡನ್ನು ನೋಡುತ್ತಿದ್ದರು. ಮೊದಲು ಮಳೆಯ ಸದ್ದು ಮಾತ್ರ, ಆಮೇಲೆ ಶಿಳ್ಳೆ. ಜನ ನನಗಿಟ್ಟ ಹೆಸರು ಸಣಕಲಿ. ಪ್ರೀತಿಯಿಂದ ಇಟ್ಟದ್ದೇ. ಅಂದು ಅದೇ ಹೆಸರು ಹಿಡಿದು, ಕಣ್ಣು ಯಾವ ಅಂಗಡಿಯಲ್ಲಿ ಅಡ ಇಟ್ಟು ಬಂದೆ ಎಂದು ಯಾರೋ ಕೇಳಿದರು. ನಮ್ಮ ರೇಸು ಈ ಮೈದಾನಕ್ಕೆ ಮಾತ್ರ ಸೇರಿದ್ದಲ್ಲ. ನಾನು ಕೌಂಟರಿಗೆ ಸೇರುವ ಮೊದಲು ಒಂಬತ್ತು ವರ್ಷ ಬೀಗ ಬಿದ್ದಿದ್ದ ಮೈದಾನವನ್ನು ಸರಕಾರ ಲಾಟರಿಯ ದುಡ್ಡಿನಿಂದ ಮತ್ತೆ ತೆರೆಸಿದ ಮೇಲೆ ದೇಶದ ಬಾಜಿ ಅಂಗಡಿಗಳ ಪರದೆಗೆಲ್ಲ ನಮ್ಮ ದನಿ ಹೋಗುತ್ತಿತ್ತು. ಗಡಿಯ ರಿವೇರಾ, ಸಾಲ್ತೊ ಊರುಗಳಲ್ಲೂ ಅದೇ ಕ್ಷಣಕ್ಕೆ ಕಾಗದ ಹರಿದಿತ್ತು.

ಬರ್ರೆತ ನಲವತ್ತೆರಡು ಮೆಟ್ಟಿಲು ಹತ್ತಿ ಬಂದ. ಹಿಂದೆ ಫಾಬ್ರಿಸಿಯೊ, ಕುತ್ತಿಗೆಗೆ ಸ್ವಂತದ ಹೆಡ್‌ಫೋನು. ಬರ್ರೆತ ಗದರಲಿಲ್ಲ. ಏದುಸಿರು ಇಳಿಯುವ ತನಕ ಕಾದು, ಕೊನೆಯ ರೇಸನ್ನು ಫಾಬ್ರಿಸಿಯೊ ಕೂಗುತ್ತಾನೆ, ಸೋಮವಾರ ನೀವು ಕೌಂಟರಿಗೆ ಹೋದರಾಯಿತು ಎಂದ. ನನಗೆ ಆಗಿದ್ದು ದುಃಖವಲ್ಲ, ಹಗುರ. ಇಷ್ಟು ದಿನ ಕಾಯುತ್ತಿದ್ದ ತಪ್ಪು ಕೊನೆಗೂ ಬಂದು ಹೋಯಿತಲ್ಲ ಎಂಬ ಹಗುರ. ಪೆನ್ಸಿಲುಗಳನ್ನು ಡಬ್ಬಿಗೆ ತುಂಬತೊಡಗಿದೆ.

ತುಂಬುತ್ತಾ ಕೆಳಗೆ ನೋಡಿದೆ. ಜನ ಮಂಡಿಯೂರಿದ್ದರು. ಒದ್ದೆ ಸಿಮೆಂಟಿನ ಮೇಲೆ ಕೈಯಾಡಿಸುತ್ತಾ, ಒಬ್ಬರ ಕೈಯನ್ನು ಇನ್ನೊಬ್ಬರು ತುಳಿಯುತ್ತಾ, ಸಿಕ್ಕ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಬಿಸಾಡುತ್ತಾ. ಕಸ ಗುಡಿಸುವವನೊಬ್ಬ ಪೊರಕೆ ಹಿಡಿದು ಮೂಲೆಯಿಂದ ಬರುತ್ತಿದ್ದ. ಅದನ್ನು ನೋಡಿದಾಗ ಇಪ್ಪತ್ತೆರಡನೆಯ ನಿಯಮ ನೆನಪಾಯಿತು.

ಕೌಂಟರಿನ ಒಳಗೋಡೆಗೆ ನಿಯಮಗಳ ಹಾಳೆಯೊಂದನ್ನು ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದಾರೆ. ಅದನ್ನು ಯಾರೂ ಓದುವುದಿಲ್ಲ. ನಾನು ಓದಿದ್ದೆ. ರೇಸಿಗೂ ರೇಸಿಗೂ ನಡುವಿನ ಬಿಡುವಿನಲ್ಲಿ, ಏನಾದರೂ ತಪ್ಪು ಮಾಡಿಬಿಟ್ಟರೆ ಎಂಬ ಹೆದರಿಕೆಗೆ, ಮೂವತ್ತೊಂದು ನಿಯಮಗಳನ್ನೂ ಬಾಯಿಪಾಠ ಮಾಡಿದ್ದೆ. ಹರಿದ ಚೀಟಿಯ ಎಲ್ಲ ತುಂಡುಗಳನ್ನೂ ಜೋಡಿಸಿ ತಂದರೆ, ಕೆಳಗಿನ ಉದ್ದ ನಂಬರು ಪೂರ್ತಿ ಓದಲು ಬಂದರೆ, ಗೆದ್ದ ಹಣ ಕೊಡತಕ್ಕದ್ದು.

ಒಂದು ನಿಮಿಷ ಮೈಕು ಬೇಕು ಎಂದು ಬರ್ರೆತನನ್ನು ಕೇಳಿದೆ. ಯಾತಕ್ಕೆ ಎಂದ. ತಪ್ಪು ನನ್ನದೆಂದು ಹೇಳುವುದಕ್ಕೆ ಎಂದೆ.

"ಹಾಗೆಲ್ಲ ಯಾರೂ ಹೇಳಲ್ಲ ಕಣಮ್ಮ," ಎಂದ ಬರ್ರೆತ. "ತಾಂತ್ರಿಕ ದೋಷ ಅಂತೀವಿ. ನಾಳೆ ಹೊತ್ತಿಗೆ ಎಲ್ಲಾರೂ ಮರೀತಾರೆ."

"ನಾಳೆ ಹೊತ್ತಿಗೆ ತುಂಡುಗಳನ್ನ ಗುಡಿಸಿಬಿಟ್ಟಿರ್ತಾರೆ," ಎಂದೆ. ಬರ್ರೆತನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅಷ್ಟರಲ್ಲಿ ಫಾಬ್ರಿಸಿಯೊ ಪಕ್ಕಕ್ಕೆ ಸರಿದು ಮೈಕಿಗೆ ದಾರಿ ಬಿಟ್ಟ. ನಾನು ಸ್ವಿಚ್ಚು ಒತ್ತಿದೆ.

"ನಾನು ನಿಬಿಯಾ. ಈ ರೇಸ್ ಗೆದ್ದಿದ್ದು ಏಳು, ಚುರಿಂಚೆ. ಮೂರು ಅಂತ ಕೂಗಿದ್ದು ನಾನು. ಮೈಕ್ ಸರಿ ಇತ್ತು, ವೈರ್ ಸರಿ ಇತ್ತು, ನಾನು ತಪ್ಪಿದೆ. ಈಗ ಕೇಳಿ. ಹರಿದ ಚೀಟಿಗೂ ದುಡ್ಡು ಕೊಡ್ತಾರೆ. ಇಪ್ಪತ್ತೆರಡನೇ ನಿಯಮ, ಕೌಂಟರಲ್ಲಿ ಕೇಳಿದ್ರೆ ತೋರಿಸ್ತಾರೆ. ಎಲ್ಲಾ ತುಂಡೂ ಬೇಕು, ಕೆಳಗಿನ ಉದ್ದ ನಂಬರ್ ಓದೋ ಹಾಗಿರ್ಬೇಕು. ಯಾರೂ ಓಡಾಡ್ಬೇಡಿ, ಕಾಗದ ತುಳೀಬೇಡಿ. ಪೊರಕೆ ಹಿಡಿದಿರೋ ಅಣ್ಣ, ಅದನ್ನ ಗೋಡೆಗೆ ಒರಗಿಸಿ. ದೂರದ ಬಾಜಿ ಅಂಗಡಿಗಳಲ್ಲಿರೋರಿಗೂ ಇದೇ ಮಾತು, ಕಸದ ಬುಟ್ಟಿ ಹೊರಗೆ ಸುರೀಬೇಡಿ."

ಶಿಳ್ಳೆ ನಿಂತಿತು. ಜನ ನಿಂತಲ್ಲೇ ನಿಂತು ತಮ್ಮ ಕಾಲ ಕೆಳಗೆ ನೋಡಿಕೊಂಡರು.

ನಮ್ಮ ಚೀಟಿಯ ಮೇಲರ್ಧದಲ್ಲಿ ಕುದುರೆಯ ನಂಬರು, ಕೆಳಗರ್ಧದಲ್ಲಿ ಚೀಟಿಯ ಉದ್ದ ನಂಬರು ಇರುತ್ತದೆ. ಆ ಉದ್ದ ನಂಬರಿನ ಕೊನೆಯ ನಾಲ್ಕು ಅಂಕಿ ಮೇಲರ್ಧದಲ್ಲೂ ಚಿಕ್ಕದಾಗಿ ಅಚ್ಚಾಗಿರುತ್ತದೆ. ಹನ್ನೊಂದು ವರ್ಷ ಅಚ್ಚು ಹಾಕಿದವಳಿಗೆ ಅದು ಗೊತ್ತಿತ್ತು. ಅದನ್ನೂ ಹೇಳಿದೆ. ಏಳರ ಮೇಲಿನ ತುಂಡು ಸಿಕ್ಕವರು ಬಲಗೈ ಎತ್ತಿ, ಕೆಳಗಿನ ತುಂಡು ಸಿಕ್ಕವರು ಎಡಗೈ ಎತ್ತಿ, ಅಂಕಿ ಕೂಗಿ ಎಂದೆ. ಕೈಗಳು ಎದ್ದವು, ಆದರೆ ಎಲ್ಲರೂ ಒಟ್ಟಿಗೆ ಕೂಗಿದರು. ಒಬ್ಬರದೂ ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ನನಗೆ ಮೇಲಿನಿಂದ ಎಲ್ಲ ಕಾಣುತ್ತಿತ್ತು. ದುರ್ಬೀನು ತೆಗೆದುಕೊಂಡೆ.

ಯೋಚಿಸಿ ಮಾಡಿದ್ದಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಒಂದು ಹಳದಿ ಮಳೆಕೋಟು, ಎತ್ತಿದ ಬಲಗೈ. ಎರಡನೇ ಕಂಬದ ಹತ್ತಿರ ಹಳದಿ ಕೋಟು, ನಾಲ್ಕು ಒಂದು ಒಂದು ಎಂಟು ಎಂದು ಅವನ ತುಂಡಿನ ಅಂಕಿ ಓದಿದೆ. ಅದರ ಜೊತೆಯ ತುಂಡು ನೀಲಿ ಛತ್ರಿಯ ಹೆಂಗಸಿನ ಎಡಗೈಯಲ್ಲಿತ್ತು, ಐವತ್ತು ಹೆಜ್ಜೆ ಆಚೆ. ಹಳದಿ ಕೋಟು ಒಳಗಡೆಯಿಂದ ಹೊರಟಿದೆ, ನೀಲಿ ಛತ್ರಿ ಹೊರಗಡೆಯಿಂದ ಬರುತ್ತಿದೆ, ನಡುವೆ ಹಸಿರು ಟೋಪಿ ಅಡ್ಡ ಬಂದಿದೆ, ಹಸಿರು ಟೋಪಿಯವರೇ ಸ್ವಲ್ಪ ಸರಿಯಿರಿ, ಹಳದಿ ಮುಂದೆ, ನೀಲಿ ಹತ್ತಿರ, ಇಬ್ಬರೂ ಕೂಡಿದರು, ಗೆದ್ದರು. ನನ್ನ ದನಿ ತಾನಾಗಿಯೇ ರೇಸಿನ ದನಿಯಾಗಿತ್ತು. ಕೆಳಗೆ ಯಾರೋ ನಕ್ಕರು. ಆ ನಗು ಬೆಂಚಿನಿಂದ ಬೆಂಚಿಗೆ ಹತ್ತಿಕೊಂಡಿತು. ಮುಂದಿನ ಜೋಡಿಗೆ ಚಪ್ಪಾಳೆ ಬಿತ್ತು. ಬೂದು ಶಾಲು ಮತ್ತು ಕಂದು ಟೋಪಿಗೆ ತಮ್ಮತಮ್ಮಲ್ಲೇ ಬಾಜಿ ಕಟ್ಟಿಕೊಂಡರಂತೆ, ಯಾರು ಮೊದಲು ಕಂಬ ಮುಟ್ಟುತ್ತಾರೆಂದು.

ಎಷ್ಟು ಹೊತ್ತು ಕೂಗಿದೆನೋ ಗೊತ್ತಿಲ್ಲ. ಜನ ಚೀಟಿಗಳನ್ನು ಕೌಂಟರಿನ ಕಟ್ಟೆಯ ಮೇಲೆ ಹರಡಿ, ಅಂಗಿಯ ತೋಳಿನಿಂದ ಒರೆಸಿ, ಅಂಚಿಗೆ ಅಂಚು ಕೂಡಿಸುತ್ತಿದ್ದರು. ಮೂರಕ್ಕೆ ಕಟ್ಟಿ ಮೂರು ನಿಮಿಷ ಶ್ರೀಮಂತನಾಗಿದ್ದ ಕಟುಕನೊಬ್ಬ ಎಲ್ಲರಿಗಿಂತ ಜೋರಾಗಿ ನನ್ನನ್ನು ಬೈದವನು. ಈಗ ಅವನೇ ಟಾರ್ಚು ಹಿಡಿದು ಬೆಂಚುಗಳ ಕೆಳಗೆ ತೆವಳುತ್ತಿದ್ದ. ಒಂದು ಸಲವೂ ಹಳದಿಯನ್ನು ಕಿತ್ತಳೆ ಅನ್ನಲಿಲ್ಲ ನಾನು, ಕಂದು ಬಣ್ಣವನ್ನು ಕೆಂಪು ಅನ್ನಲಿಲ್ಲ. ಪೆನ್ಸಿಲು ಡಬ್ಬಿಯಲ್ಲಿತ್ತು, ಕಾರ್ಡು ನೆಲದ ಮೇಲೆ ಬಿದ್ದಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು.

ಚೀಟಿಗಳೆಲ್ಲ ಸಿಕ್ಕವೆಂದಲ್ಲ. ಚರಂಡಿಗೆ ಹೋದವು ಹೋದವು. ಮೈಕು ಕೆಳಗಿಟ್ಟಾಗ ಬಾಗಿಲಲ್ಲಿ ಎಲ್ಬಿಯಾ ಅಜ್ಜಿ ನಿಂತಿದ್ದಳು. ಎಪ್ಪತ್ತು ದಾಟಿದವಳು, ನಲವತ್ತೆರಡು ಮೆಟ್ಟಿಲು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿ. ಅವಳ ಹಿಂದೆ ಗೋಡೆ ಹಿಡಿದುಕೊಂಡು ದೊನ್ ಎವಾರಿಸ್ತೊ, ಕುತ್ತಿಗೆಗೆ ಉಣ್ಣೆಯ ಪಟ್ಟಿ.

ಅಜ್ಜಿಯ ಚೀಟಿಯೂ ಏಳಕ್ಕೇ ಇತ್ತು. ಹರಿಯುವಷ್ಟೂ ತಾಳ್ಮೆಯಿಲ್ಲದೆ ಅದನ್ನವಳು ನೇರ ಒಲೆಗೆ ಹಾಕಿದ್ದಳು. ಅದರ ಬೂದಿಯ ಮೇಲೆಯೇ ಈ ರೊಟ್ಟಿ ಬೆಂದದ್ದು, ತಿಂದು ನೋಡು ಎಂದಳು. ಗೆದ್ದಷ್ಟನ್ನು ನಾನೇ ಕೊಡುತ್ತೇನೆಂದು ಹೇಳಿದೆ. ಅವಳು ರೊಟ್ಟಿಯನ್ನು ನನ್ನ ಕೈಗೆ ತುರುಕಿದಳು.

"ನಿನ್ನ ದುಡ್ಡು ಯಾರಿಗ್ ಬೇಕು ಮಗಳೇ? ಕೊನೇ ರೇಸ್ ಯಾರು ಕೂಗೋದು, ಅದು ಹೇಳು."

ಫಾಬ್ರಿಸಿಯೊ ಎಂದೆ.

ಅಜ್ಜಿ ಅವನನ್ನು ಕಾಲಿಂದ ತಲೆವರೆಗೆ ನೋಡಿ, ಬರ್ರೆತನ ಕಡೆ ತಿರುಗಿದಳು. "ಇವಳು ತಪ್ಪು ಮಾಡಿ ಕಲಿತಿದ್ದಕ್ಕೆ ನನ್ನ ಚೀಟಿ ಸುಟ್ಟೋಗಿದೆ. ಈಗ ಇವಳನ್ನ ಕೆಳಗೆ ಕಳಿಸಿಬಿಟ್ರೆ ನಾನು ಸುಟ್ಟಿದ್ದು ಯಾವ ಪುರುಷಾರ್ಥಕ್ಕೆ?"

ಬರ್ರೆತ ಕಿಟಕಿಯಿಂದ ಕೌಂಟರುಗಳ ಕಡೆ ನೋಡುತ್ತಿದ್ದ. ಇಂಥ ಮಳೆಯಲ್ಲಿ ಕೊನೆಯ ರೇಸಿನ ಹೊತ್ತಿಗೆ ಮೈದಾನ ಅರ್ಧ ಖಾಲಿಯಾಗಿರುತ್ತದೆ. ಅಂದು ಒಬ್ಬರೂ ಹೋಗಿರಲಿಲ್ಲ. ಚೀಟಿ ಕೂಡಿಸಿಕೊಂಡವರು ಅದೇ ಸಾಲಿನಲ್ಲಿ ಮುಂದಿನ ರೇಸಿಗೂ ಕಟ್ಟುತ್ತಿದ್ದರು.

ದೊನ್ ಎವಾರಿಸ್ತೊ ನನ್ನ ಹತ್ತಿರ ಬಂದು ನೆಲದ ಮೇಲಿದ್ದ ಕಾರ್ಡನ್ನು ಎತ್ತಿಕೊಂಡರು. ಎರಡು ಕಿತ್ತಳೆ ಅಂಗಿಗಳನ್ನು ಉಗುರಿನಿಂದ ಮುಟ್ಟಿದರು. ಸವಾರರ ಕೋಣೆಗೆ ಹೋಗಿದ್ದೆಯಾ ಎಂದು ಪಿಸುಗುಟ್ಟಿದರು. ಇಲ್ಲ ಎಂದೆ. ಒಂದು ಭಾನುವಾರವೂ ಹೋಗಿಲ್ಲ ಎಂದೂ ಹೇಳಿದೆ. ಅಂದು ಹೇಗೂ ಎಲ್ಲ ಹೇಳುವ ದಿನ ಆಗಿತ್ತು.

ಅವರ ಪಿಸುಮಾತಿಗೆ ಕಿವಿ ಹತ್ತಿರ ಒಯ್ಯಬೇಕು. "ಒಂದ್ಸಲ ನಾನೂ ತಪ್ಪು ಕುದುರೆ ಕೂಗಿದ್ದೆ. ವೈರ್ ಕೆಟ್ಟಿತ್ತು ಅಂದೆ. ಆ ವೈರ್ ಬದಲಾಯಿಸಿದ್ರು, ಹೊಸದು ಹಾಕಿದ್ರು. ಅದನ್ನ ನೋಡಿದಾಗೆಲ್ಲ ನಾಚಿಕೆ ಆಗ್ತಿತ್ತು ನಂಗೆ." ಸ್ವಲ್ಪ ಉಸಿರು ತೆಗೆದುಕೊಂಡರು. "ನಿಂಗೆ ಆ ಕಾಟ ಇಲ್ಲ. ಹೋಗು, ಬಟ್ಟೆ ನೋಡ್ಕೊಂಡು ಬಾ."

ನಾನು ಬರ್ರೆತನ ಮುಖ ನೋಡಿದೆ. ಅವನು ಗಡಿಯಾರ ನೋಡಿದ. ಕೊನೆಯ ರೇಸನ್ನು ಇಪ್ಪತ್ತು ನಿಮಿಷ ಮುಂದಕ್ಕೆ ಹಾಕಿದ್ದೇನೆ, ಹದಿನೈದು ಉಳಿದಿದೆ ಎಂದ. ಅಷ್ಟೇ ಹೇಳಿದ್ದು. ಫಾಬ್ರಿಸಿಯೊ ಹೆಡ್‌ಫೋನು ಬಿಚ್ಚಿ ಕುರ್ಚಿ ಎಳೆದುಕೊಂಡು, ರೊಟ್ಟಿ ಇನ್ನೊಂದಿದೆಯಾ ಎಂದು ಅಜ್ಜಿಯನ್ನು ಕೇಳಿದ.

ಸವಾರರ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದೆ. ಒದ್ದೆ ಚರ್ಮದ, ಬೆವರಿನ, ಹೊಗೆಯ ವಾಸನೆ. ಚುರಿಂಚೆಯ ಸವಾರ ಬೆಂಚಿನ ಮೇಲೆ ಕೂತು ಮುಖದ ಕೆಸರು ಒರೆಸಿಕೊಳ್ಳುತ್ತಿದ್ದ. ನನ್ನ ಭುಜಕ್ಕೂ ಬಾರದ ಮನುಷ್ಯ, ನಲವತ್ತು ದಾಟಿದ್ದಾನೆ. ಹೋದ ಮೂರು ವರ್ಷದಲ್ಲಿ ಅವನು ಗೆದ್ದದ್ದು ಈ ಒಂದೇ ರೇಸು, ಅದನ್ನೂ ನಾನು ಬೇರೆಯವನಿಗೆ ಕೊಟ್ಟಿದ್ದೆ.

"ಬಾ ಅಕ್ಕ," ಎಂದ. "ನಾನ್ಯಾರು ಅಂತ ಈಗಲಾದ್ರೂ ಗೊತ್ತಾಯ್ತಾ, ಇಲ್ಲ ತೆರ್ಕೊ ಅಂತಲೇ ಕರೀತೀಯಾ?"

ಎಲ್ಲರೂ ನಕ್ಕರು. ಬಾಗಿಲಾಚೆ ನಿಂತಾಗ ಹೆದರಿಸಿದ್ದ ಅದೇ ನಗು, ಒಳಗಿನಿಂದ ಕೇಳಿದರೆ ಬರೀ ನಗುವಾಗಿತ್ತು. ಕ್ಷಮೆ ಕೇಳಿದೆ. ಅವನು ಕೈ ಬೀಸಿ, ತನ್ನ ಅಂಗಿಯನ್ನು ನನ್ನ ಕೈಗೆ ಕೊಟ್ಟ. ಕೆಸರಿನಡಿ ಅದು ಹಳೆಯ ರೇಷ್ಮೆ, ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ. ಕಿತ್ತಳೆಗೂ ಅದಕ್ಕೂ ಸಂಬಂಧವೇ ಇಲ್ಲದ ಕೆಂಪು. ಆಮೇಲೆ ಗೂಟದಿಂದ ಗೂಟಕ್ಕೆ ನಡೆದು ಕೊನೆಯ ರೇಸಿನ ಒಂಬತ್ತು ಅಂಗಿಗಳನ್ನೂ ಮುಟ್ಟಿದೆ. ನೀಲಿ, ಬಿಳಿ ಚುಕ್ಕಿ, ಎರಡನೇ ನಂಬರು, ಮಿಲೊಂಗೆರ. ಕಪ್ಪು, ಹಳದಿ ತೋಳು, ಐದನೇ ನಂಬರು, ದೊನ್ ಪ್ಲಾಸಿದೊ. ಒಂದೊಂದನ್ನು ಮುಟ್ಟಿದಾಗಲೂ ಅದರ ಸವಾರ ಕೈಯೆತ್ತಿ ತನ್ನ ಹೆಸರು ಹೇಳಿದ, ಹಾಜರಿ ಕೊಟ್ಟ ಹಾಗೆ.

ಆ ರೇಸನ್ನು ಕಾರ್ಡಿಲ್ಲದೆ ಕೂಗಿದೆ. ದುರ್ಬೀನನ್ನು ಕಿಟಕಿಯ ಚೌಕಟ್ಟಿಗೆ ಒರಗಿಸಿಕೊಂಡೆ. ಮಳೆ ತೆಳುವಾಗಿ, ಜನ ಸೂರಿನಿಂದ ಹೊರಬಂದು ಕಟಕಟೆಯುದ್ದಕ್ಕೂ ನಿಂತಿದ್ದರು. ಕೊನೆಯ ತಿರುವಿನಲ್ಲಿ ನೀಲಿ ಮುಂದಿತ್ತು, ಕಪ್ಪು ಒಳಗಡೆಯಿಂದ ಹತ್ತಿರವಾಗುತ್ತಿತ್ತು. ಕೆಸರಾಗಿದ್ದರೂ ಹಳದಿ ತೋಳು ಕಂಡಿತು. ಇನ್ನೂರು ಮೀಟರಿದ್ದಾಗ ಅರ್ಧ ಮೈ ಅಂತರ, ನೂರಿದ್ದಾಗ ಒಂದು ತಲೆ. ಗುರಿಯ ಕಂಬವನ್ನು ಅವೆರಡೂ ಒಟ್ಟಿಗೆ ದಾಟಿದವು.

ಒಟ್ಟಿಗೆ ಎಂದರೆ ಒಟ್ಟಿಗೆ. ಇಂಥ ಹೊತ್ತಿನಲ್ಲಿ ಕೂಗುವವರು ಯಾವುದಾದರೂ ಒಂದು ಹೆಸರು ಹೇಳಲೇಬೇಕು. ಅದು ಕಸುಬಿನ ಕಟ್ಟಳೆ. ತರಗತಿಯಲ್ಲಿ ಕಲಿಸುವುದೂ ಅದನ್ನೇ: ಅನುಮಾನ ನಿಮ್ಮ ಒಳಗಿರಲಿ, ದನಿಯಲ್ಲಿ ಬೇಡ. ಬರ್ರೆತ ನನ್ನ ಹಿಂದೆಯೇ ನಿಂತಿದ್ದ. ಅಜ್ಜಿಯ ಉಸಿರೂ ಕೇಳುತ್ತಿತ್ತು. ಕೆಳಗೆ ನೂರಾರು ಬೆರಳುಗಳು ನೂರಾರು ಚೀಟಿಗಳ ಅಂಚಿನ ಮೇಲಿದ್ದವು. ಮಿಲೊಂಗೆರ ಎಂದು ನಾಲಗೆಯ ತುದಿಗೆ ಬಂದಿತ್ತು. ಸರಿಯಾಗಿರಲು ಅರ್ಧ ಸಂಭವವಿತ್ತು.

"ಎರಡು ಮತ್ತು ಐದು," ಎಂದೆ. "ಯಾರು ಮುಂದೆ ಅಂತ ನಂಗೆ ಗೊತ್ತಾಗಲಿಲ್ಲ. ಬೋರ್ಡ್ ಬೆಳಗೋ ತನಕ ಚೀಟಿ ಕೈಯಲ್ಲೇ ಇರಲಿ."

ಹರಿಯುವ ಸದ್ದು ಬರಲಿಲ್ಲ. ಹನ್ನೊಂದು ವರ್ಷ ಗಾಜಿನ ಹಿಂದೆ, ನಾಲ್ಕು ವಾರ ಮೈಕಿನ ಮುಂದೆ, ರೇಸು ಮುಗಿದ ಮೇಲೆ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಒಬ್ಬಿಬ್ಬರು ಚೀಟಿಯನ್ನು ತಲೆಯ ಮೇಲೆತ್ತಿ ಹಿಡಿದರು, ನೋಡು, ಇನ್ನೂ ಹರಿದಿಲ್ಲ ಎಂದು ನನಗೆ ತೋರಿಸುವ ಹಾಗೆ. ಅದನ್ನು ಕಂಡು ಮತ್ತಷ್ಟು ಜನ ಎತ್ತಿದರು. ಕಟಕಟೆಯುದ್ದಕ್ಕೂ ಒದ್ದೆ ಗಾಳಿಯಲ್ಲಿ ಬಿಳಿಯ ಸಣ್ಣ ಸಣ್ಣ ಕಾಗದಗಳು ನಿಂತವು.

ಮೂರು ನಿಮಿಷಕ್ಕೆ ಬದಲು ಐದು ನಿಮಿಷ ಹಿಡಿಯಿತು. ಫೋಟೊ ನೋಡಿ ಹೇಳಿದರು. ಐದು, ದೊನ್ ಪ್ಲಾಸಿದೊ, ಒಂದು ಮೂಗಿನ ಅಂತರ. ನಾನು ಮಿಲೊಂಗೆರ ಎಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ಕುರ್ಚಿಯ ಮೇಲೆ ಕೂತುಬಿಟ್ಟೆ. ಕೆಳಗೆ ಎರಡಕ್ಕೆ ಕಟ್ಟಿದವರು ಈಗ ನಿಧಾನವಾಗಿ ಹರಿದರು. ಮಾಮೂಲಿನ ಸದ್ದು ಬಂತು, ಸ್ವಲ್ಪ ತಡವಾಗಿ.

ಸೋಮವಾರ ನಾನು ಎಂದಿನಂತೆ ಕೌಂಟರಿಗೆ ಹೋಗಿ ಕೂತೆ. ಬುಧವಾರ ಬರ್ರೆತನ ಫೋನು ಬಂತು. ಭಾನುವಾರ ಒಂದು ಗಂಟೆಗೆ ಬನ್ನಿ, ಮೊದಲ ರೇಸು ಎರಡಕ್ಕೆ, ಸವಾರರ ಕೋಣೆಗೆ ಹೋಗಲು ನಿಮಗೆ ಹೊತ್ತು ಬೇಕಲ್ಲ ಎಂದ. ಹಾಗಂದರೆ ಏನರ್ಥ ಎಂದು ಕೇಳಿದೆ. ಬಿಡಿಸಿ ಹೇಳದಿದ್ದರೆ ನನಗೆ ನಂಬಿಕೆ ಬರುವುದಿಲ್ಲ.

"ಫಾಬ್ರಿಸಿಯೊ ದನಿ ಚೆನ್ನಾಗಿದೆ," ಎಂದ ಬರ್ರೆತ. "ಆದ್ರೆ 'ಗೊತ್ತಾಗಲಿಲ್ಲ' ಅನ್ನೋಕೆ ಅವನಿಗೆ ಬರಲ್ಲ. ನಾನೇ ಕೇಳಿ ನೋಡ್ದೆ."

ಈಗ ಎರಡು ವರ್ಷವಾಯಿತು. ಪೆನ್ಸಿಲಿನ ಡಬ್ಬಿ ಮನೆಯಲ್ಲಿದೆ. ಶನಿವಾರ ಸಂಜೆ ಈಗಲೂ ಒಮ್ಮೊಮ್ಮೆ ತೆಗೆದು ಕಾರ್ಡು ಬರೆಯುತ್ತೇನೆ, ಅಭ್ಯಾಸ ಬಿಟ್ಟಿಲ್ಲ. ಆದರೆ ಅದನ್ನು ಮೈದಾನಕ್ಕೆ ಒಯ್ಯುವುದಿಲ್ಲ. ಚುರಿಂಚೆ ಆಮೇಲೆ ಒಂದೇ ಸಲ ಗೆದ್ದಿತು. ಆಗ ಎಲ್ಬಿಯಾ ಅಜ್ಜಿ ಚೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ರೊಟ್ಟಿ ಕರಿಯುತ್ತಿದ್ದಳು.

ನಮ್ಮೂರಿನವರು ಸೋತ ಚೀಟಿಯನ್ನು ಈಗಲೂ ಹರಿದೇ ಮನೆಗೆ ಹೋಗುವುದು. ಅದನ್ನು ಬಿಡಿಸಲು ಯಾರಿಂದಲೂ ಆಗದು. ಆದರೆ ಕುದುರೆಗಳು ಕಂಬ ದಾಟಿದ ಮೇಲೆ ಮೆಟ್ಟಿಲಿನ ಬುಡದಿಂದ ಒಂದು ಕೂಗು ಬರುತ್ತದೆ. ಮೊದಲು ಅಜ್ಜಿ ಒಬ್ಬಳೇ ಕೂಗುತ್ತಿದ್ದಳು, ನನ್ನನ್ನು ಕೆಣಕಲು. ಈಗ ಯಾರು ಬೇಕಾದರೂ ಕೂಗುತ್ತಾರೆ. ಇನ್ನೊಂದು ಊರಿನ ಬಾಜಿ ಅಂಗಡಿಯಲ್ಲೂ ಪರದೆಯ ಮುಂದೆ ಹಾಗೇ ಕೂಗುತ್ತಾರಂತೆ, ನನಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ.

"ಹರೀಲಾ, ಸಣಕಲಿ?"

ನಾನು ಬೋರ್ಡಿನ ಕಡೆ ನೋಡುತ್ತೇನೆ. ಇನ್ನೊಂದು ಸಲ ನೋಡುತ್ತೇನೆ. ಆಮೇಲೆ ಹೇಳುತ್ತೇನೆ.